ಬರೆದದ್ದು ಉಳಿಯುವ ತನಕ

ಗಣಕವಿದ್ಯೆಯನ್ನು ಬೋಧಿಸುವುದರಲ್ಲಿ ಜೀವಮಾನದ ಬಹುಭಾಗವನ್ನು ಕಳೆದ ನನಗೆ ಈಗ ವಿಶ್ರಾಂತಿಯ ದಿನಗಳಲ್ಲಿ ಮತ್ತೆ ಮತ್ತೆ ನೆನಪಿಗೆ ಬರುವುದು ಆ ವಿದ್ಯೆಯ ಗಹನವಾದ ಸಿದ್ಧಾಂತಗಳಲ್ಲ; ಒಂದು ಕಡತವನ್ನು ತೆರೆದು, ಅದರಲ್ಲಿ ನಾಲ್ಕು ಸಾಲು ಬರೆದು, ಅದನ್ನು ಮುಚ್ಚಿ ಭದ್ರಪಡಿಸುವ ಅತಿ ಸಾಮಾನ್ಯವಾದ ಕ್ರಿಯೆ. ಪಠ್ಯಕ್ರಮದಲ್ಲಿ ಅದಕ್ಕೆ ಮೀಸಲಾಗಿದ್ದುದು ಒಂದು ಅಧ್ಯಾಯದ ಕೊನೆಯ ಭಾಗವಷ್ಟೆ. ಇಂಟರ್ನಲ್ಸ್ ಮುಗಿದು, ವಿದ್ಯಾರ್ಥಿಗಳ ಮನಸ್ಸು ಊರಿನ ಬಸ್ಸಿನ ಕಡೆಗೆ ತಿರುಗಿರುವ ಸೆಮಿಸ್ಟರಿನ ಅಂತಿಮ ವಾರದಲ್ಲಿ ಆ ಭಾಗವನ್ನು ಅವಸರದಿಂದ ಮುಗಿಸಿಬಿಡುವುದು ಎಲ್ಲೆಡೆಯ ವಾಡಿಕೆಯಾಗಿದ್ದಿತು. ನಾನು ಅದನ್ನು ಸೆಮಿಸ್ಟರಿನ ನಡುವಿಗೆ ತಂದುಕೊಂಡು ಸಾವಕಾಶವಾಗಿ ಹೇಳುತ್ತಿದ್ದೆ. ಏಕೆಂದರೆ, ಪ್ರೋಗ್ರಾಮು ನಡೆಯುವಷ್ಟು ಹೊತ್ತು ಮಾತ್ರ ಇದ್ದು ಅದು ನಿಂತೊಡನೆ ಇಲ್ಲವಾಗುವ ಒಂದು ಪ್ರಪಂಚದಿಂದ, ನಾಳೆಗೂ ನಾಡಿದ್ದಿಗೂ ಉಳಿಯಬೇಕಾದುದನ್ನು ಈಚೆಗೆ ದಾಟಿಸುವ ದ್ವಾರ ಅದೊಂದೇ. ಅಲ್ಲಿ ಎಚ್ಚರ ತಪ್ಪಿದರೆ ಒಳಗೆ ಮಾಡಿದ ಪರಿಶ್ರಮವೆಲ್ಲವೂ ವ್ಯರ್ಥ.

ನಾನು ಅಧ್ಯಾಪಕನಾದುದು ಮಲೆನಾಡಿನ ಸೆರಗಿನ ಒಂದು ಊರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ. ಲ್ಯಾಬಿನಲ್ಲಿ ಆಗ ಇದ್ದುದು ಟರ್ಬೊ ಸಿ ಪ್ಲಸ್ ಪ್ಲಸ್. ನೀಲಿ ಪರದೆಯ ಮೇಲೆ ಹಳದಿ ಅಕ್ಷರಗಳು ಮೂಡುತ್ತಿದ್ದುವು, ಹುಡುಗರು 1.44 ಮೆಗಾಬೈಟಿನ ಫ್ಲಾಪಿಗಳನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಆ ಭಾಷೆಯನ್ನು 1979ರಲ್ಲಿ ಬೆಲ್ ಲ್ಯಾಬೊರೇಟರೀಸ್‌ನಲ್ಲಿ ಕಟ್ಟತೊಡಗಿದ ಬಿಯಾರ್ನೆ ಸ್ಟ್ರೌಸ್ಟ್ರುಪ್ ಅವರು ಅದಕ್ಕೆ ಮುಂಚೆ ಕೇಂಬ್ರಿಜ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದಾಗ ಸಿಮ್ಯುಲಾ ಎಂಬ ಭಾಷೆಯನ್ನು ಬಳಸಿ, ಅದರ ಕ್ಲಾಸುಗಳ ಕಲ್ಪನೆಗೆ ಮನಸೋತಿದ್ದರು. ದತ್ತಾಂಶವನ್ನೂ ಅದರ ಮೇಲೆ ನಡೆಯಬೇಕಾದ ಕ್ರಿಯೆಗಳನ್ನೂ ಒಂದೇ ಆಬ್ಜೆಕ್ಟಿನಲ್ಲಿ ಕೂಡಿಸುವ ವಿಚಾರಕ್ಕೆ ಜನ್ಮ ಕೊಟ್ಟವರು 1960ರ ದಶಕದಲ್ಲಿ ನಾರ್ವೆಯ ಆಸ್ಲೊ ನಗರದಲ್ಲಿ ಆ ಸಿಮ್ಯುಲಾವನ್ನು ರಚಿಸಿದ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನೈಗಾರ್ಡ್. 2001ನೆಯ ಸಾಲಿನ ಟ್ಯೂರಿಂಗ್ ಪುರಸ್ಕಾರ ಅವರಿಬ್ಬರಿಗೂ ಸಂದಿತು. ಮರುವರ್ಷವೇ ಇಬ್ಬರೂ ತೀರಿಕೊಂಡರು. ಆ ಸುದ್ದಿಯನ್ನು ಓದಿದ ವಾರ ನಾನು ತರಗತಿಯಲ್ಲಿ ಪಾಠವನ್ನು ಬದಿಗಿಟ್ಟು ಸಿಮ್ಯುಲಾದಲ್ಲಿ ಕಡತಕ್ಕೆ ಬರೆಯುವ ಬಗೆಯನ್ನು ವಿವರಿಸಿದ್ದುಂಟು. ಅಲ್ಲಿ ಔಟ್‌ಫೈಲ್ ಎಂಬ ಕ್ಲಾಸು ಇದೆ. ಔಟ್‌ಟೆಕ್ಸ್ಟ್ ಎಂದು ಆಜ್ಞಾಪಿಸಿದರೆ ಮಾತು ಸ್ಮೃತಿಯಲ್ಲಿರುವ ಒಂದು ಸಾಲಿನ ಪ್ರತಿಬಿಂಬದಲ್ಲಿ ಹೋಗಿ ಕುಳಿತುಕೊಳ್ಳುತ್ತದೆ, ಅಷ್ಟೆ. ಔಟ್‌ಇಮೇಜ್ ಎಂದು ಬೇರೆಯಾಗಿ ಹೇಳಿದಾಗಲೇ ಆ ಸಾಲು ಹೊರಕ್ಕೆ ಹೊರಡುವುದು. ಬರೆಯುವುದು ಬೇರೆ, ಬರೆದುದನ್ನು ಕಳುಹಿಸುವುದು ಬೇರೆ ಎಂಬ ವಿವೇಕವು ಆಬ್ಜೆಕ್ಟುಗಳ ಮೊದಲ ಭಾಷೆಯಲ್ಲೇ ಇಷ್ಟು ಸ್ಪಷ್ಟವಾಗಿ ಇದ್ದಿತೆಂಬುದು ನನಗೆ ಅಂದಿಗೂ ಇಂದಿಗೂ ಆನಂದವನ್ನು ಕೊಡುವ ಸಂಗತಿ.

ಅನಂತರ ಜಾವಾ ಬಂದಿತು. ಜೇಮ್ಸ್ ಗಾಸ್ಲಿಂಗ್ ಅವರೂ ಅವರ ಸಂಗಡಿಗರೂ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ರಚಿಸಿ 1995ರಲ್ಲಿ ಲೋಕದ ಮುಂದಿಟ್ಟ ಈ ಭಾಷೆ ನಮ್ಮ ಪಠ್ಯಕ್ರಮವನ್ನು ಪ್ರವೇಶಿಸಿದಾಗ, ಕಡತಕ್ಕೆ ಒಂದು ಸಾಲು ಬರೆಯಲು ಇದರಲ್ಲಿ ಇಷ್ಟೊಂದು ಆಡಂಬರವೇಕೆ ಎಂದು ಗೊಣಗದ ಅಧ್ಯಾಪಕರು ವಿರಳ. ನಿಜ, ಮೊದಲು ಫೈಲ್‌ಔಟ್‌ಪುಟ್‌ಸ್ಟ್ರೀಮ್ ಎಂಬ ಆಬ್ಜೆಕ್ಟನ್ನು ನಿರ್ಮಿಸಬೇಕು, ಅದಕ್ಕೆ ತಿಳಿದಿರುವುದು ಬೈಟುಗಳು ಮಾತ್ರ, ಅಕ್ಷರವೆಂದರೇನೆಂಬುದನ್ನು ಅದು ಅರಿಯದು. ಅದರ ಮೇಲೆ ಔಟ್‌ಪುಟ್‌ಸ್ಟ್ರೀಮ್‌ರೈಟರ್ ಎಂಬ ಇನ್ನೊಂದನ್ನು ಹೊದಿಸಬೇಕು. ಅಕ್ಷರಗಳನ್ನು ಬೈಟುಗಳಾಗಿ ಮಾರ್ಪಡಿಸುವುದು ಅದರ ಧರ್ಮ. ಅದರ ಮೇಲೆ ಬಫರ್ಡ್‌ರೈಟರ್. ಅದು ಒಂದೊಂದೇ ಅಕ್ಷರಕ್ಕಾಗಿ ಡಿಸ್ಕಿನ ಬಳಿಗೆ ಓಡದೆ, 8192 ಅಕ್ಷರಗಳಷ್ಟು ತನ್ನಲ್ಲಿ ಕೂಡಿಟ್ಟುಕೊಂಡು ಒಮ್ಮೆಗೆ ಸಾಗಿಸುತ್ತದೆ. ಒಂದೊಂದು ಆಬ್ಜೆಕ್ಟಿಗೂ ಒಂದೊಂದೇ ಕರ್ತವ್ಯ. ತನ್ನ ಕೆಲಸ ಮುಗಿಸಿ ಉಳಿದುದನ್ನು ಕೆಳಗಿನದಕ್ಕೆ ಒಪ್ಪಿಸುವುದು ಪದ್ಧತಿ. ಈ ವಿಸ್ತಾರವು ನನಗೆ ಎಂದೂ ಆಡಂಬರವೆನಿಸಲಿಲ್ಲ. ಮಾತು ಕಡತವಾಗುವ ಮಾರ್ಗದಲ್ಲಿ ಎಷ್ಟು ಘಟ್ಟಗಳುಂಟೋ ಅಷ್ಟನ್ನೂ ಹೆಸರಿಟ್ಟು ಕಣ್ಣ ಮುಂದೆ ನಿಲ್ಲಿಸುವುದರಿಂದ, ಎಡವಟ್ಟಾದಾಗ ಅದು ಯಾವ ಘಟ್ಟದಲ್ಲಿ ಆಯಿತೆಂದು ಹುಡುಕಲು ಸಾಧ್ಯವಾಗುತ್ತದೆ.

ಇದರ ಪ್ರಯೋಜನ ಮನವರಿಕೆಯಾದುದು ಒಬ್ಬ ಹಿರಿಯರ ಕೆಲಸದ ನಿಮಿತ್ತವಾಗಿ. ಅವರು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಊರಿನವರಿಗೆಲ್ಲ ಬರಿಯ ಮೇಷ್ಟ್ರು. ಅಡಕೆ ತೋಟಗಳಲ್ಲಿಯೂ ಸೊಪ್ಪಿನಬೆಟ್ಟಗಳಲ್ಲಿಯೂ ಬಳಕೆಯಲ್ಲಿದ್ದು ಮರೆಯಾಗುತ್ತಿರುವ ಮಾತುಗಳನ್ನು ಅವರು ಬಹುಕಾಲದಿಂದ ಚೀಟಿಗಳಲ್ಲಿ ಬರೆದಿಡುತ್ತ ಬಂದಿದ್ದರು. ಸೋಗೆ, ಹಾಳೆ, ಚೊಗರು, ಮೆಟ್ಟುಗತ್ತಿ, ಗೊರಬು, ದರಕು, ಕೊನೆಗೌಡ. ಪದ, ಅದರ ಅರ್ಥ, ಕೇಳಿದ ಊರು, ಹೇಳಿದವರ ಹೆಸರು, ಇಷ್ಟೂ ಒಂದೊಂದು ಚೀಟಿಯಲ್ಲಿ. ಚೀಟಿಗಳಿಗೆ ಗೆದ್ದಲಿನ ಭಯ. ಹೊಸ ಶತಮಾನದ ಆರಂಭದಲ್ಲಿ ಒಂದು ಮಳೆಗಾಲದ ಸಂಜೆ ಅವರು ನನ್ನ ಕೊಠಡಿಗೆ ಬಂದು, “ಇವನ್ನು ನಿಮ್ಮ ಯಂತ್ರದೊಳಗೆ ಸೇರಿಸಿಡಲಿಕ್ಕೆ ಆಗ್ತದೋ ನೋಡಿ, ಮಾರಾಯ್ರೆ. ನಾನು ಹೋದ ಮೇಲೆ ಮನೆಯವರು ಇದನ್ನು ಹಂಡೆ ಒಲೆಗೆ ಹಾಕಿಯಾರು,” ಎಂದರು. ಅಂತಿಮ ವರ್ಷದ ಕೆಲವು ವಿದ್ಯಾರ್ಥಿಗಳು ಅದನ್ನೇ ತಮ್ಮ ಪ್ರಾಜೆಕ್ಟಾಗಿ ಕೈಗೊಂಡರು. ಚೀಟಿಗಳನ್ನು ನೋಟ್‌ಪ್ಯಾಡಿನಲ್ಲಿ ಕನ್ನಡದಲ್ಲೇ ಟೈಪ್ ಮಾಡುವುದು, ಜಾವಾದಲ್ಲಿ ಬರೆದ ಪ್ರೋಗ್ರಾಮು ಅವನ್ನೆಲ್ಲ ಓದಿ, ಒಂದೊಂದು ಚೀಟಿಯನ್ನೂ ಪದ ಎಂಬ ಕ್ಲಾಸಿನ ಒಂದು ಆಬ್ಜೆಕ್ಟಾಗಿ ಮಾಡಿ, ಅಕಾರಾದಿಯಾಗಿ ಜೋಡಿಸಿ, ಒಂದೇ ಕಡತಕ್ಕೆ ಬರೆಯುವುದು, ಇದು ಯೋಜನೆ.

ಕಡತ ಸಿದ್ಧವಾಯಿತೆಂದು ಹೇಳಿ ಹುಡುಗರು ನನ್ನನ್ನೂ ಮೇಷ್ಟ್ರನ್ನೂ ಕರೆದು ಪರದೆಯ ಮುಂದೆ ಕೂರಿಸಿದ ದಿನ ಅದರಲ್ಲಿ ಕಂಡದ್ದು ಮೇಲಿನಿಂದ ಕೆಳಗಿನವರೆಗೆ ಪ್ರಶ್ನಾರ್ಥಕ ಚಿಹ್ನೆಗಳು ಮಾತ್ರ. ಕಾರಣವು ಆ ನಡುವಿನ ಘಟ್ಟದಲ್ಲಿದ್ದಿತು. ಜಾವಾ ತನ್ನ ಸ್ಮೃತಿಯಲ್ಲಿ ಅಕ್ಷರಗಳನ್ನು ಯುನಿಕೋಡಿನಲ್ಲೇ ಇಟ್ಟುಕೊಳ್ಳುತ್ತದೆ. ಆದುದರಿಂದ ಒಳಗಿರುವ ತನಕ ಕನ್ನಡಕ್ಕೆ ಯಾವ ಬಾಧೆಯೂ ಇಲ್ಲ. ಹುಡುಗರು ಓದುವಾಗ ಯುಟಿಎಫ್-8 ಎಂದು ಸ್ಪಷ್ಟವಾಗಿ ಸೂಚಿಸಿದ್ದರು. ಬರೆಯುವಾಗ ಮಾತ್ರ ಫೈಲ್‌ರೈಟರ್ ಎಂಬ ಸಂಕ್ಷೇಪವಾದ ಕ್ಲಾಸನ್ನು ಬಳಸಿದ್ದರು. ಅದು ಯಾವ ಸಂಕೇತಪದ್ಧತಿಯಲ್ಲಿ ಬರೆಯಬೇಕೆಂದು ಕೇಳುವುದಿಲ್ಲ. ಯಂತ್ರದಲ್ಲಿ ರೂಢಿಯಾಗಿರುವುದನ್ನೇ ತೆಗೆದುಕೊಳ್ಳುತ್ತದೆ. ಇಂಗ್ಲಿಷಿಗೆ ಹೊಂದಿಸಿದ್ದ ನಮ್ಮ ವಿಂಡೋಸ್ ಯಂತ್ರಗಳಲ್ಲಿ ಆ ರೂಢಿ ಪಶ್ಚಿಮ ಯೂರೋಪಿನ ಲಿಪಿಗಳಿಗೆ ಮೀಸಲಾದ 1252 ಎಂಬ ಪಟ್ಟಿ. ಕನ್ನಡದ ಒಂದು ಸಂಕೇತಕ್ಕೂ ಅದರಲ್ಲಿ ಸ್ಥಾನವಿಲ್ಲ. ಸ್ಥಾನವಿಲ್ಲದ ಅಕ್ಷರ ಬಂದಾಗ ಆ ಆಬ್ಜೆಕ್ಟು ನಿಂತು ದೂರು ಹೇಳುವುದಿಲ್ಲ; ಅದರ ಬದಲಿಗೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು ಮುಂದೆ ಸಾಗುತ್ತದೆ.

ಆ ನಾಶದ ಸ್ವರೂಪವನ್ನು ಹುಡುಗರಿಗೆ ತೋರಿಸಲು ನಾನು ಎರಡು ಪದಗಳನ್ನು ಆರಿಸಿಕೊಂಡೆ. ಸೋಗೆ ಎಂಬ ಪದದಲ್ಲಿ ಯುನಿಕೋಡಿನ ಲೆಕ್ಕಕ್ಕೆ ನಾಲ್ಕು ಸಂಕೇತಗಳು: ಸಕಾರ, ಓಕಾರದ ಗುರುತು, ಗಕಾರ, ಎಕಾರದ ಗುರುತು. ಹಾಳೆ ಎಂಬುದರಲ್ಲಿಯೂ ನಾಲ್ಕೇ: ಹಕಾರ, ಆಕಾರದ ಗುರುತು, ಳಕಾರ, ಎಕಾರದ ಗುರುತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳಂತೆ ಎರಡೂ ಪದಗಳು ಹನ್ನೆರಡು ಹನ್ನೆರಡು ಬೈಟುಗಳಾಗಿ, ಒಂದಕ್ಕೊಂದು ಬೇರೆಯಾಗಿ ಉಳಿಯಬೇಕಾಗಿದ್ದಿತು. ನಮ್ಮ ಕಡತದಲ್ಲಿ ಎರಡೂ ನಾಲ್ಕು ನಾಲ್ಕು ಪ್ರಶ್ನಾರ್ಥಕ ಚಿಹ್ನೆಗಳಾಗಿ ಒಂದೇ ಆಗಿಬಿಟ್ಟಿದ್ದುವು. ಅಡಕೆ ಮರದ ಮೇಲೆ ಸ್ಪಷ್ಟವಾಗಿ ಭಿನ್ನವಾದ ಎರಡು ವಸ್ತುಗಳು ಕಡತದಲ್ಲಿ ಅಭಿನ್ನ. “ಇದರಿಂದ ಪದವನ್ನು ಹಿಂದಕ್ಕೆ ತರಲಿಕ್ಕೆ ಬರ್ತದೋ?” ಎಂದು ಮೇಷ್ಟ್ರು ಕೇಳಿದರು. ಬರುವುದಿಲ್ಲವೆಂದೆ. ಫಾಂಟು ಇಲ್ಲದೆ ಚೌಕಗಳಾಗಿ ಕಾಣುವ ಕನ್ನಡವು ಫಾಂಟು ಹಾಕಿದರೆ ಮರಳಿ ಬರುತ್ತದೆ. ಬರೆಯುವಾಗಲೇ ಪ್ರಶ್ನಾರ್ಥಕವಾದ ಕನ್ನಡವು ಯಾವ ಉಪಾಯದಿಂದಲೂ ಮರಳಲಾರದು. ಅದೃಷ್ಟವಶಾತ್ ಮೂಲಕ್ಕೆ ಯಾವ ಹಾನಿಯೂ ಆಗಿರಲಿಲ್ಲ; ಚೀಟಿಗಳೂ ಟೈಪ್ ಮಾಡಿದ ಪ್ರತಿಗಳೂ ಹಾಗೆಯೇ ಇದ್ದುವು.

ಯುಟಿಎಫ್-8 ಪದ್ಧತಿಯನ್ನು ಕೆನ್ ಥಾಂಪ್ಸನ್ ಅವರು 1992ರಲ್ಲಿ ನ್ಯೂಜೆರ್ಸಿಯ ಒಂದು ಉಪಾಹಾರಗೃಹದಲ್ಲಿ, ರಾಬ್ ಪೈಕ್ ಅವರೆದುರಿಗೆ, ತಟ್ಟೆಯ ಅಡಿಗೆ ಹಾಸುವ ಕಾಗದದ ಮೇಲೆ ಗೀಚಿ ರೂಪಿಸಿದರೆಂಬುದು ಪ್ರಸಿದ್ಧವಾದ ವೃತ್ತಾಂತ. ಯುನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳು ದೊರೆತುದು ಅದಕ್ಕೆ ಹಿಂದಿನ ವರ್ಷ. ಈ ಎರಡು ಕಾರ್ಯಗಳಿಂದ ಕನ್ನಡಕ್ಕೆ ಆದ ಉಪಕಾರವನ್ನು ನಾವು ಇನ್ನೂ ಸಾಕಷ್ಟು ಕೃತಜ್ಞತೆಯಿಂದ ನೆನೆದಿಲ್ಲವೆಂದೇ ನನ್ನ ಭಾವನೆ.

ಔಟ್‌ಪುಟ್‌ಸ್ಟ್ರೀಮ್‌ರೈಟರ್ ಅನ್ನು ನಡುವೆ ತಂದು ಪದ್ಧತಿಯ ಹೆಸರನ್ನು ಹೇಳಿದ ಮೇಲೆ ಅಕ್ಷರಗಳು ಸರಿಹೋದುವು. ಅಕಾರಾದಿಯಲ್ಲಿ ಳಕಾರವು ಹಕಾರದ ಅನಂತರ ಬರುವ ಬದಲು ಲಕಾರದ ಮಗ್ಗುಲಲ್ಲಿ ಕುಳಿತಿರುವುದನ್ನು ಮೇಷ್ಟ್ರು ಕ್ಷಣಮಾತ್ರದಲ್ಲಿ ಗುರುತಿಸಿದರು. ಯುನಿಕೋಡಿನ ಸಂಖ್ಯಾಕ್ರಮ ಹಾಗಿದೆ. ನಮ್ಮ ವರ್ಣಮಾಲೆಯ ಕ್ರಮಕ್ಕೆ ತರಲು ಪ್ರೋಗ್ರಾಮಿನಲ್ಲಿ ಪ್ರತ್ಯೇಕ ನಿಯಮವನ್ನು ಬರೆಯಬೇಕು, ಬರೆದೆವು. ಆದರೆ ಅದಕ್ಕೆ ಮೊದಲು ಇನ್ನೊಂದು ದೋಷ ಕಂಡಿತು. ತಂಡದ ಒಬ್ಬ ಹುಡುಗಿ ಲ್ಯಾಬಿನಿಂದ ಓಡಿಬಂದು, “ಸಾರ್, ಫೈಲೇನೋ ಬಂದಿದೆ. ಆದರೆ ಸಕಾರದ ಮಧ್ಯದಲ್ಲೇ ನಿಂತುಬಿಟ್ಟಿದೆ. ಹಕಾರದ್ದು ಒಂದೂ ಇಲ್ಲ,” ಎಂದಳು. ಹೋಗಿ ನೋಡಿದರೆ ಕಡೆಯ ಸಾಲಿನಲ್ಲಿ ‘ಸೊಪ’ ಎಂದಷ್ಟೇ ಇದ್ದಿತು. ಸೊಪ್ಪಿನಬೆಟ್ಟದ ಉಳಿದ ಭಾಗವೂ ಅದರ ಅನಂತರದ ಸಮಸ್ತವೂ ಇಲ್ಲ. ಪ್ರೋಗ್ರಾಮು ಯಾವ ದೋಷವನ್ನೂ ತೋರಿಸದೆ ಮುಗಿದಿದ್ದಿತು. ಬರೆಯಬೇಕಾದುದೆಲ್ಲವನ್ನೂ ಬರೆದಿದ್ದೇನೆಂಬ ಸಂದೇಶವೂ ಪರದೆಯ ಮೇಲಿದ್ದಿತು.

ಆ ಸಂದೇಶ ಸುಳ್ಳಲ್ಲ. ರೈಟ್ ಎಂಬ ಆಜ್ಞೆ ಪ್ರತಿಯೊಂದು ಪದಕ್ಕೂ ನಡೆದಿದ್ದಿತು. ಆದರೆ ಆ ಆಜ್ಞೆಯ ಫಲವಾಗಿ ಪದವು ಹೋಗಿ ಸೇರುವುದು ಬಫರ್ಡ್‌ರೈಟರಿನ ಸಂಗ್ರಹಕ್ಕೆ. 8192 ಅಕ್ಷರಗಳು ತುಂಬಿದಾಗಲೊಮ್ಮೆ ಅದು ತಾನಾಗಿಯೇ ಖಾಲಿಯಾಗುತ್ತದೆ. ಕಡೆಯ ಸಲ ಅರ್ಧ ತುಂಬಿ ನಿಂತದ್ದನ್ನು ಕಳುಹಿಸಬೇಕಾದರೆ ಫ್ಲಶ್ ಎನ್ನಬೇಕು, ಇಲ್ಲವೇ ಕ್ಲೋಸ್ ಎನ್ನಬೇಕು. ಕ್ಲೋಸ್ ಎಂದಾಗ ಫ್ಲಶ್ ತಾನೇ ನಡೆಯುತ್ತದೆ. ಹುಡುಗರ ಪ್ರೋಗ್ರಾಮಿನಲ್ಲಿ ಆ ಒಂದು ಸಾಲು ಬಿಟ್ಟುಹೋಗಿದ್ದಿತು. ಪ್ರೋಗ್ರಾಮು ಮುಗಿದೊಡನೆ ಸಂಗ್ರಹವೂ ಅದರಲ್ಲಿದ್ದ ಪದಗಳೂ ಒಟ್ಟಿಗೆ ಅಳಿದುವು. ಇದನ್ನು ಮೇಷ್ಟ್ರಿಗೆ ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, “ಅಂದರೆ ಭತ್ತ ಗದ್ದೆಯಿಂದ ಕಣಕ್ಕೆ ಬಂದಿದೆ, ಕಣಜಕ್ಕೆ ಸೇರಿಲ್ಲ ಅನ್ನಿ,” ಎಂದರು. ಅದಕ್ಕಿಂತ ಚೆನ್ನಾಗಿ ನಾನು ತರಗತಿಯಲ್ಲಿ ಎಂದೂ ಹೇಳಿರಲಿಲ್ಲ.

ಕ್ಲೋಸ್ ಎಂಬ ಆ ಒಂದು ಸಾಲಿಗೆ ಯೋಗ್ಯವಾದ ಸ್ಥಳ ಯಾವುದೆಂಬುದೂ ಆ ಕಾಲದಲ್ಲಿ ಸುಲಭವಾದ ಪ್ರಶ್ನೆಯಾಗಿರಲಿಲ್ಲ. ಬರೆಯುವ ನಡುವೆ ಡಿಸ್ಕು ತುಂಬಬಹುದು, ಫ್ಲಾಪಿ ಕೆಟ್ಟಿರಬಹುದು. ಜಾವಾದ ದೊಡ್ಡ ಗುಣವೆಂದರೆ, ಇಂಥ ಸಂಭವವನ್ನು ಅದು ಐಓಎಕ್ಸೆಪ್ಷನ್ ಎಂಬ ಆಬ್ಜೆಕ್ಟಾಗಿ ಮಾಡಿ ಪ್ರೋಗ್ರಾಮು ಬರೆಯುವವನ ಕೈಗೇ ಒಪ್ಪಿಸುತ್ತದೆ. ಅದನ್ನು ಏನು ಮಾಡುವೆಯೆಂದು ಹೇಳದಿದ್ದರೆ ಪ್ರೋಗ್ರಾಮು ಕಂಪೈಲೇ ಆಗುವುದಿಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಾದರೋ, ನಾವಾಗಿ ಕೇಳಿದ ಹೊರತು ಸ್ಟ್ರೀಮು ತನಗಾದ ವಿಘ್ನವನ್ನು ತಿಳಿಸುತ್ತಿರಲಿಲ್ಲ. ಅಲ್ಲಿಯ ಗುಣ ಬೇರೆ, ಆಬ್ಜೆಕ್ಟಿನ ಆಯುಸ್ಸು ಮುಗಿದಾಗ ಕಡತವು ತಾನೇ ಮುಚ್ಚಿಕೊಳ್ಳುತ್ತಿದ್ದಿತು. ಜಾವಾದಲ್ಲಿ ಫೈನಲಿ ಎಂಬ ಭಾಗವನ್ನು ಬರೆದು, ಅದರೊಳಗೆ ಮುಚ್ಚುವಾಗಲೂ ಆಗಬಹುದಾದ ವಿಘ್ನಕ್ಕೆ ಇನ್ನೊಂದು ಟ್ರೈ ಬರೆದು, ಹೀಗೆ ಹತ್ತಾರು ಸಾಲುಗಳ ವ್ಯವಸ್ಥೆ ಬೇಕಾಗುತ್ತಿದ್ದಿತು. 2011ರಲ್ಲಿ ಜಾವಾದ ಏಳನೆಯ ಆವೃತ್ತಿ ಬಂದಮೇಲೆ ಟ್ರೈ ಎಂಬುದರ ಆವರಣದೊಳಗೇ ಸ್ಟ್ರೀಮನ್ನು ತೆರೆದರೆ ಅದು ತಾನಾಗಿ ಮುಚ್ಚಿಕೊಳ್ಳುವ ಏರ್ಪಾಡಾಯಿತು. ನಾನು ಬಲ್ಲಂತೆ ಆ ಭಾಷೆಗೆ ಆದ ಸುಧಾರಣೆಗಳಲ್ಲಿ ಇಷ್ಟು ಕಡತಗಳನ್ನು ಕಾಪಾಡಿದುದು ಬೇರೊಂದಿಲ್ಲ.

ಎಕ್ಸೆಪ್ಷನ್ನನ್ನು ಹಿಡಿದು, ಅದರ ಆವರಣದಲ್ಲಿ ಏನನ್ನೂ ಬರೆಯದೆ ಬಿಟ್ಟುಬಿಡುವ ಅಭ್ಯಾಸವೊಂದು ವಿದ್ಯಾರ್ಥಿಗಳಲ್ಲಿ ಇದ್ದಿತು. ವೃತ್ತಿನಿರತರಲ್ಲಿಯೂ ಇದೆಯೆಂದು ಅನಂತರ ಕಂಡುಕೊಂಡೆ. ಕಂಪೈಲರಿನ ಬಾಯಿ ಮುಚ್ಚಿಸಲು ಅದೊಂದು ಉಪಾಯ. ವೈವಾದಲ್ಲಿ ಆ ಖಾಲಿ ಆವರಣವನ್ನು ಕಂಡರೆ ನಾನು ಉಳಿದ ಪ್ರಶ್ನೆಗಳನ್ನೆಲ್ಲ ಬಿಟ್ಟು ಅದನ್ನೇ ಕೇಳುತ್ತಿದ್ದೆ: ಇಲ್ಲಿ ಯಾರ ಕಡತ ಕಳೆದುಹೋಗುತ್ತದೆ, ಅವರಿಗೆ ತಿಳಿಸುವವರು ಯಾರು? ಕಡತವನ್ನು ನಮ್ಮ ಕೈಗಿತ್ತವನು ನಮ್ಮನ್ನು ನಂಬಿರುತ್ತಾನೆ. ಅವನ ಬರಹ ಉಳಿಯಲಿಲ್ಲವೆಂಬುದನ್ನು ಅವನಿಂದ ಮುಚ್ಚಿಡಲು ನಮಗೆ ಯಾವ ಅಧಿಕಾರವೂ ಇಲ್ಲ. ಈ ವಿಷಯದಲ್ಲಿ ನಾನು ಎಂದೂ ರಿಯಾಯಿತಿ ತೋರಿಸಲಿಲ್ಲ.

ವಿದ್ಯುತ್ತಿನ ತೊಂದರೆ ಬೇರೆ. ಮಳೆಗಾಲದಲ್ಲಿ ನಮ್ಮ ಊರಿನಲ್ಲಿ ಕರೆಂಟು ಯಾವ ಗಳಿಗೆಯಲ್ಲಿ ಹೋಗುವುದೆಂದು ಹೇಳುವಂತಿರಲಿಲ್ಲ; ಯುಪಿಎಸ್‌ನ ಬ್ಯಾಟರಿಗಳು ಮುಪ್ಪಾಗಿದ್ದುವು. ಕ್ಲೋಸ್ ಎಂದ ಮೇಲೂ ಬರಹವು ಕೆಲಕಾಲ ಆಪರೇಟಿಂಗ್ ಸಿಸ್ಟಮಿನ ಸ್ಮೃತಿಯಲ್ಲಿಯೇ ಇರಬಹುದು. ಡಿಸ್ಕಿಗೆ ಇಳಿಯಲೇಬೇಕೆಂದು ಒತ್ತಾಯಿಸಲು ಫೈಲ್‌ಡಿಸ್ಕ್ರಿಪ್ಟರಿನ ಸಿಂಕ್ ಎಂಬ ಆಜ್ಞೆಯುಂಟು. ಅದನ್ನು ಸೇರಿಸಿದೆವು. ಇದ್ದ ಕಡತದ ಮೇಲೆಯೇ ಮತ್ತೆ ಬರೆಯುವುದಕ್ಕೆ ತೊಡಗಿದರೆ ತೆರೆದ ಕ್ಷಣದಲ್ಲಿಯೇ ಹಳೆಯದು ಬರಿದಾಗಿ, ಹೊಸದು ಪೂರ್ತಿಯಾಗುವ ಮೊದಲೇ ದೀಪ ಆರಿದರೆ ಎರಡೂ ಇಲ್ಲದಂತಾಗುತ್ತದೆ. ಆದುದರಿಂದ ಪ್ರತಿಸಲವೂ ದಿನಾಂಕವನ್ನು ಹೆಸರಿನಲ್ಲಿ ಸೇರಿಸಿದ ಹೊಸ ಕಡತ, ಹಳೆಯದನ್ನು ಮುಟ್ಟಕೂಡದು, ಬರೆದ ಮೇಲೆ ಅದನ್ನು ಪ್ರೋಗ್ರಾಮೇ ಮತ್ತೊಮ್ಮೆ ತೆರೆದು, ಓದಿ, ಪದಗಳ ಸಂಖ್ಯೆ ಸರಿಯಾಗಿದೆಯೆಂದು ತಾಳೆ ನೋಡಬೇಕು ಎಂದು ನಿಯಮ ಮಾಡಿಕೊಂಡೆವು.

ತಂಡದಲ್ಲಿ ಬಹು ಚುರುಕಾದ ಒಬ್ಬ ಹುಡುಗನಿದ್ದನು. “ಸಾರ್, ಇಷ್ಟೆಲ್ಲ ಯಾಕೆ? ಸೀರಿಯಲೈಸ್ ಮಾಡಿಬಿಟ್ಟರೆ ಒಂದೇ ಸಾಲು,” ಎಂಬುದು ಅವನ ವಾದ. ವಾದದಲ್ಲಿ ಹುರುಳಿಲ್ಲದೆ ಇಲ್ಲ. 1997ರ ಜಾವಾ 1.1ರಿಂದ ಆಬ್ಜೆಕ್ಟನ್ನು ಇಡಿಯಾಗಿ, ಅದು ಆಶ್ರಯಿಸಿರುವ ಇತರ ಆಬ್ಜೆಕ್ಟುಗಳೊಡನೆ, ರೈಟ್‌ಆಬ್ಜೆಕ್ಟ್ ಎಂಬ ಒಂದೇ ಆಜ್ಞೆಯಿಂದ ಕಡತಕ್ಕಿಳಿಸುವುದು ಸಾಧ್ಯವಾಗಿದೆ. ಅದಕ್ಕೂ ಎಷ್ಟೋ ಮುಂಚೆ, 1970ರ ದಶಕದಲ್ಲಿ, ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಕೇಂದ್ರದಲ್ಲಿ ಹುಟ್ಟಿದ ಸ್ಮಾಲ್‌ಟಾಕ್ ಭಾಷೆಯಲ್ಲಿ ಆಬ್ಜೆಕ್ಟುಗಳ ಪ್ರಪಂಚವೆಲ್ಲವನ್ನೂ ಇಮೇಜ್ ಎಂಬ ಒಂದೇ ಕಡತವಾಗಿ ಉಳಿಸುತ್ತಿದ್ದರು. ನಾನು ಹುಡುಗನ ಮಾತನ್ನು ತಳ್ಳಿಹಾಕಲಿಲ್ಲ, ಹಾಗೆಯೇ ಮಾಡೆಂದೆ. ಅನಂತರ, ಪದ ಎಂಬ ಕ್ಲಾಸಿಗೆ, ಪದವನ್ನು ಕೇಳಿದ ವರ್ಷವೆಂಬ ಇನ್ನೊಂದು ಅಂಶವನ್ನು ಸೇರಿಸಿ ಹಳೆಯ ಕಡತವನ್ನು ತೆರೆಯೆಂದೆ. ತೆರೆಯಲಿಲ್ಲ. ಕ್ಲಾಸಿನ ರಚನೆಯಿಂದಲೇ ಜಾವಾ ಲೆಕ್ಕಹಾಕುವ ಒಂದು ಗುರುತಿನ ಸಂಖ್ಯೆಯುಂಟು. ಕ್ಲಾಸು ಬದಲಾದರೆ ಆ ಸಂಖ್ಯೆ ಬದಲಾಗಿ ಹಳೆಯ ಕಡತವು ಪರಕೀಯವಾಗುತ್ತದೆ. ಆ ಸಂಖ್ಯೆಯನ್ನು ನಾವೇ ಸ್ಥಿರಪಡಿಸಿ ಇದನ್ನು ನಿವಾರಿಸಬಹುದು; ಆದಾಗ್ಯೂ, ಕಡತವನ್ನು ಓದಲು ಆ ಭಾಷೆಯೂ ಆ ಕ್ಲಾಸೂ ಎಂದೆಂದಿಗೂ ಬೇಕೇಬೇಕು. ಹುಡುಗನು ತಾನಾಗಿ ಒಪ್ಪಿದನು. ಒಂದು ಸಾಲಿಗೆ ಒಂದು ಪದ; ಪದ, ಅರ್ಥ, ಊರು, ಹೇಳಿದವರು ಇವುಗಳ ನಡುವೆ ಒಂದೊಂದು ಟ್ಯಾಬ್; ಯಾವ ಎಡಿಟರಿನಲ್ಲಾದರೂ ತೆರೆದು ಓದಬಹುದಾದ ಸಾದಾ ಪಠ್ಯ, ಹೀಗೆಂದು ತೀರ್ಮಾನವಾಯಿತು.

ಮೇಷ್ಟ್ರು ಈಗ ಇಲ್ಲ. ಅವರ ಚೀಟಿಗಳ ಗತಿ ಏನಾಯಿತೆಂಬುದನ್ನು ಹೇಳಲು ಮನಸ್ಸಾಗುವುದಿಲ್ಲ. ಆ ಪ್ರೋಗ್ರಾಮು ನಡೆಯುತ್ತಿದ್ದ ಯಂತ್ರಗಳನ್ನು ಕಾಲೇಜು ಎಂದೋ ಹರಾಜು ಹಾಕಿತು. ಪದಗಳ ಕಡತ ಮಾತ್ರ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ನಕಲಾಗುತ್ತ ಬಂದು ಇಂದಿಗೂ ತೆರೆಯುತ್ತದೆ. ಆ ತಂಡದ ಹುಡುಗಿ, ಈಗ ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿರುವವಳು, ಮೊನ್ನೆ ಅದನ್ನು ಪೈಥಾನಿನಲ್ಲಿ ಕೆಲವೇ ಸಾಲುಗಳಲ್ಲಿ ಓದಿಸಿ ತೋರಿಸಿದಳು. 2022ರ ಮಾರ್ಚಿನಲ್ಲಿ ಬಂದ ಜಾವಾದ ಹದಿನೆಂಟನೆಯ ಆವೃತ್ತಿಯಲ್ಲಿ ಯುಟಿಎಫ್-8 ಎಲ್ಲ ಯಂತ್ರಗಳಲ್ಲಿಯೂ ರೂಢಿಯ ಪದ್ಧತಿಯಾಗಿದೆ. ನಮ್ಮನ್ನು ಕಾಡಿದ ಪ್ರಶ್ನಾರ್ಥಕ ಚಿಹ್ನೆಗಳು ಈಗಿನ ವಿದ್ಯಾರ್ಥಿಗಳಿಗೆ ಅಷ್ಟಾಗಿ ಎದುರಾಗುವುದಿಲ್ಲ.

ಆದರೆ ಕನ್ನಡದ ಎಷ್ಟೋ ಬರಹ ಇನ್ನೂ ಹಳೆಯ ಫಾಂಟುಗಳ ಸಂಕೇತದಲ್ಲಿ ಸಿಕ್ಕಿಕೊಂಡಿದೆ. ಯುನಿಕೋಡಿಗೆ ಮುಂಚಿನ ದಿನಗಳಲ್ಲಿ ಡಿಟಿಪಿ ಅಂಗಡಿಗಳಲ್ಲಿ ಟೈಪಾದ ಕಾದಂಬರಿ, ಸಂಶೋಧನೆ, ಊರಿನ ಇತಿಹಾಸ, ಸ್ಮರಣಸಂಚಿಕೆಗಳ ಕಡತಗಳಲ್ಲಿ ಇರುವುದು ವಾಸ್ತವವಾಗಿ ಲ್ಯಾಟಿನ್ ಅಕ್ಷರಗಳ ಸಂಕೇತ. ಆ ಫಾಂಟು ಇದ್ದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಅವನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳು ಇವೆ; ಪರಿವರ್ತನೆಯನ್ನು ಮೂಲದೊಡನೆ ಹೋಲಿಸಿ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಸರಿಪಡಿಸಬಲ್ಲ ಹಿರಿಯರೂ ಇನ್ನೂ ನಮ್ಮ ನಡುವೆ ಇದ್ದಾರೆ. ನಿಮ್ಮ ಮನೆಯ ಹಳೆಯ ಸಿಡಿಗಳಲ್ಲಿ, ಪೆನ್‌ಡ್ರೈವಿನಲ್ಲಿ ಅಂಥ ಕಡತವೊಂದು ಇದ್ದರೆ, ಓದುಗರೇ, ದಯಮಾಡಿ ಈ ವರ್ಷವೇ ಅದನ್ನು ತೆರೆಯಿರಿ. ಯುಟಿಎಫ್-8ರಲ್ಲಿ ಸಾದಾ ಪಠ್ಯವಾಗಿ ಹೊಸ ಕಡತಕ್ಕೆ ಬರೆಯಿರಿ. ಮುಚ್ಚಿ, ಮತ್ತೊಮ್ಮೆ ತೆರೆದು ಕಡೆಯ ಸಾಲಿನವರೆಗೆ ಓದಿ ನೋಡಿ. ಒಂದು ಪ್ರತಿಯನ್ನು ಬೇರೊಂದು ಮನೆಯಲ್ಲಿ ಇರಿಸಿ.